ಕಂಪ್ಯೂಟರ್ ಸೈನ್ಸ್ ಸೀಟು: ಎಷ್ಟು ಕೊಟ್ಟರೆ ಗಿಟ್ಟುತ್ತದೆ, ಎಲ್ಲಿಂದಾಚೆಗೆ ಗಿಟ್ಟುವುದಿಲ್ಲ

ದ್ವಿತೀಯ ಪಿಯುಸಿಯ ಫಲಿತಾಂಶ ಬಂದ ದಿನದಿಂದ ಕಾಲೇಜು ಆರಂಭವಾಗುವವರೆಗೆ ಮಂಗಳೂರು ಮತ್ತು ಉಡುಪಿಯ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಸುಳಿದಾಡುತ್ತಿರುತ್ತದೆ. ಕಂಪ್ಯೂಟರ್ ಸೈನ್ಸ್ ಸಿಗುತ್ತದೆಯೇ, ಸಿಗದಿದ್ದರೆ ದುಡ್ಡು ಕೊಟ್ಟಾದರೂ ತೆಗೆದುಕೊಳ್ಳಬೇಕೇ ಎಂಬುದೇ ಆ ಪ್ರಶ್ನೆ. ಪಿಯುಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲ ಸ್ಥಾನದಲ್ಲೂ ಉಡುಪಿ ಎರಡನೆಯ ಸ್ಥಾನದಲ್ಲೂ ಇದ್ದವು. 2025ರಲ್ಲಿ ಎರಡೂ ಜಿಲ್ಲೆಗಳು ಸ್ಥಾನ ಬದಲಿಸಿಕೊಂಡವು. ಇಷ್ಟು ಅಂಕ ತೆಗೆಯುವ ಮಕ್ಕಳಿರುವ ಕಡೆ ಒಳ್ಳೆಯ ಸೀಟಿಗೆ ಪೈಪೋಟಿ ಇರುವುದು ಸಹಜ. ಆದರೆ ಈ ಪೈಪೋಟಿಯ ನಡುವೆ ಓದಿಗೆ ಎಷ್ಟು ವೆಚ್ಚವಾಗುತ್ತದೆ, ಓದಿದ ಮೇಲೆ ಎಷ್ಟು ಗಳಿಕೆ ಬರುತ್ತದೆ ಎಂಬುದನ್ನು ಒಂದೇ ಹಾಳೆಯಲ್ಲಿ ಎದುರುಬದುರು ಬರೆದು ನೋಡುವ ಕೆಲಸವನ್ನು ಬಹಳ ಮಂದಿ ಮುಂದೂಡುತ್ತಾರೆ. ಈ ಲೇಖನ ಆ ಹಾಳೆಯನ್ನು ಬರೆಯಲು ನೆರವಾಗಲಿ ಎಂಬುದು ನನ್ನ ಉದ್ದೇಶ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರ್ ಸೈನ್ಸ್ ಓದು ಲಾಭವೋ ನಷ್ಟವೋ ಎಂಬುದನ್ನು ನಿರ್ಧರಿಸುವುದು ಆ ವಿಷಯವಲ್ಲ, ಸೀಟಿಗೆ ನೀವು ಕೊಡುವ ಬೆಲೆ. ಒಂದೇ ಕಾಲೇಜಿನ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬಳು ಸಿಇಟಿ ಮೂಲಕ ಬಂದು ನಾಲ್ಕು ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಶುಲ್ಕ ಕಟ್ಟಿರುತ್ತಾಳೆ. ಇನ್ನೊಬ್ಬ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಬಂದು ಅದರ ಮೂರು ಪಟ್ಟು ಕಟ್ಟಿರುತ್ತಾನೆ. ಏಳನೆಯ ಸೆಮಿಸ್ಟರಿನಲ್ಲಿ ಕ್ಯಾಂಪಸ್ಸಿಗೆ ಬರುವ ಕಂಪನಿ ಇಬ್ಬರಿಗೂ ಒಂದೇ ಪರೀಕ್ಷೆ ಇಡುತ್ತದೆ, ಒಂದೇ ಸಂಬಳ ಬರೆದುಕೊಡುತ್ತದೆ. ಯಾವ ಕೋಟಾದಲ್ಲಿ ಸೇರಿದಿರಿ ಎಂದು ಯಾವ ಕಂಪನಿಯೂ ಕೇಳುವುದಿಲ್ಲ.

ಸೀಟಿನ ಬೆಲೆಗಳು

ಮೊದಲು ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. 1960ರಲ್ಲಿ ಕೆಆರ್‌ಇಸಿ ಆಗಿ ಆರಂಭವಾಗಿ 2002ರಲ್ಲಿ ಎನ್‌ಐಟಿಕೆ ಆದ ಈ ಸಂಸ್ಥೆಯಲ್ಲಿ ಬೋಧನಾ ಶುಲ್ಕ ಸೆಮಿಸ್ಟರಿಗೆ 62,500 ರೂಪಾಯಿ, ಅಂದರೆ ವರ್ಷಕ್ಕೆ 1.25 ಲಕ್ಷ. ಹಾಸ್ಟೆಲ್ ಮತ್ತು ಊಟದ ವೆಚ್ಚ ಬೇರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವಿಲ್ಲ. ಉಳಿದವರಲ್ಲಿ ಕುಟುಂಬದ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಪೂರ್ತಿ ವಿನಾಯಿತಿ, 1ರಿಂದ 5 ಲಕ್ಷದೊಳಗಿದ್ದರೆ ಮೂರನೇ ಎರಡರಷ್ಟು ವಿನಾಯಿತಿ ಇದೆ. ಪ್ರವೇಶ ರಾಷ್ಟ್ರಮಟ್ಟದ ಜೆಇಇ ಮೇನ್ ಪರೀಕ್ಷೆಯ ರ‍್ಯಾಂಕಿನ ಮೇಲೆ, ಐಐಟಿ, ಎನ್‌ಐಟಿಗಳ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್ ಮೂಲಕ. ಅರ್ಧದಷ್ಟು ಸೀಟುಗಳು ಕರ್ನಾಟಕದವರಿಗೇ ಮೀಸಲು. ಇಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕವರಿಗೆ ಈ ಲೇಖನದ ಅಗತ್ಯವಿಲ್ಲ, ಕಣ್ಣುಮುಚ್ಚಿ ಸೇರಬಹುದು. ಆದರೆ ಅದಕ್ಕೆ ಇಡೀ ದೇಶದಲ್ಲಿ ಕೆಲವೇ ಸಾವಿರದೊಳಗಿನ ರ‍್ಯಾಂಕ್ ಬೇಕು.

ಎರಡನೆಯದು ಖಾಸಗಿ ಕಾಲೇಜುಗಳಲ್ಲಿನ ಸರ್ಕಾರಿ ಸೀಟು. ಅಡ್ಯಾರಿನ ಸಹ್ಯಾದ್ರಿ, ವಾಮಂಜೂರಿನ ಸಂತ ಜೋಸೆಫ್, ಬೆಂಜನಪದವಿನ ಕೆನರಾ, ಮಿಜಾರಿನ ಆಳ್ವಾಸ್, ಬಂಟಕಲ್ಲಿನ ಮಧ್ವ ವಾದಿರಾಜ ಸೇರಿದಂತೆ ಎರಡೂ ಜಿಲ್ಲೆಗಳ ಇಂಥ ಕಾಲೇಜುಗಳಲ್ಲಿ ಸಿಇಟಿ ಮೂಲಕ ಸೇರಿದವರಿಗೆ ವರ್ಷದ ಶುಲ್ಕ ಸುಮಾರು 1 ಲಕ್ಷದ ಆಸುಪಾಸಿನಲ್ಲಿರುತ್ತದೆ. ಅನೇಕ ಕಾಲೇಜುಗಳು ಇದರ ಮೇಲೆ ‘ಸ್ಕಿಲ್ ಲ್ಯಾಬ್’ ಅಥವಾ ತರಬೇತಿ ಶುಲ್ಕವೆಂದು ಇನ್ನೊಂದಿಷ್ಟು ಕೇಳುತ್ತವೆ. ಆಪ್ಶನ್ ಎಂಟ್ರಿಗೆ (ಬೇಕಾದ ಕಾಲೇಜುಗಳ ಆದ್ಯತಾ ಪಟ್ಟಿ ಸಲ್ಲಿಸುವುದಕ್ಕೆ) ಮೊದಲೇ ಕಾಲೇಜಿಗೆ ಹೋಗಿ ಅದು ಎಷ್ಟು, ನಾಲ್ಕೂ ವರ್ಷ ಇದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು. ಬೋರ್ಡ್ ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುವ ನಮ್ಮ ಮಕ್ಕಳಿಗೆ ಇದು ಅನುಕೂಲ. ಹಳ್ಳಿಯ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದವರಿಗೆ ಶೇ. 15ರ ಗ್ರಾಮೀಣ ಮೀಸಲಾತಿ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರ ಮೀಸಲಾತಿ ಇದೆ. ಬೆಳ್ತಂಗಡಿ, ಹೆಬ್ರಿ, ಬೈಂದೂರಿನ ಕಡೆಯ ಎಷ್ಟೋ ಮಕ್ಕಳು ಇದಕ್ಕೆ ಅರ್ಹರಾಗಿದ್ದರೂ ಪ್ರಮಾಣಪತ್ರವನ್ನು ಸಮಯಕ್ಕೆ ಮಾಡಿಸದೆ ಕಳೆದುಕೊಳ್ಳುತ್ತಾರೆ. ಇದೊಂದು ಕಾಗದ ನಾಲ್ಕು ವರ್ಷಗಳಲ್ಲಿ ಲಕ್ಷಗಟ್ಟಲೆ ಉಳಿಸಬಲ್ಲದು ಎಂಬುದನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ.

ಇದೇ ಸಾಲಿನಲ್ಲಿ ಬರುವ ಎಸ್‌ಎನ್‌ಕ್ಯು ಸೀಟಿನ ಬಗ್ಗೆಯೂ ತಿಳಿದಿರಬೇಕು. ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿಯಾಗಿ ಸಿಗುವ ಈ ಸೀಟುಗಳಿಗೆ ಬೋಧನಾ ಶುಲ್ಕವಿಲ್ಲ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ರ‍್ಯಾಂಕ್ ಚೆನ್ನಾಗಿರುವ ಮಧ್ಯಮ ವರ್ಗದ ಮನೆಗಳಿಗೆ ಇದಕ್ಕಿಂತ ಅಗ್ಗದ ದಾರಿ ಬೇರೊಂದಿಲ್ಲ.

ನಮ್ಮ ಎರಡು ಜಿಲ್ಲೆಗಳಲ್ಲಿ ರಾಜ್ಯ ಸರ್ಕಾರದ ಇಂಜಿನಿಯರಿಂಗ್ ಕಾಲೇಜು ಇಲ್ಲ. ಹತ್ತಿರದವು ಕಾರವಾರ, ಹಾಸನ, ಕುಶಾಲನಗರದಲ್ಲಿವೆ. ಅಲ್ಲಿನ ಶುಲ್ಕ ಖಾಸಗಿ ಕಾಲೇಜಿನ ಸರ್ಕಾರಿ ಸೀಟಿನ ಅರ್ಧದ ಆಸುಪಾಸು. ಮನೆಯಿಂದಲೇ ಹೋಗಿಬರಬಹುದಾದ ಕಾಲೇಜು ಇರುವವರಿಗೆ ಈ ಉಳಿತಾಯ ಹಾಸ್ಟೆಲ್ ವೆಚ್ಚದಲ್ಲಿ ಕರಗಿಹೋಗುತ್ತದೆ. ಆದರೆ ಹೇಗೂ ಹಾಸ್ಟೆಲಿನಲ್ಲೇ ಇರಬೇಕಾದ ಮಕ್ಕಳು ಇದನ್ನು ಖಂಡಿತ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೈಂದೂರಿನವರಿಗೆ ಕೊಂಕಣ ರೈಲಿನಲ್ಲಿ ಕಾರವಾರ ದೂರದ ಊರೇನಲ್ಲ.

ಮೂರನೆಯದು ಖಾಸಗಿ ಕಾಲೇಜುಗಳ ಒಕ್ಕೂಟವೇ ಪರೀಕ್ಷೆ ನಡೆಸಿ ಸೀಟು ಕೊಡುವ ಕಾಮೆಡ್‌ಕೆ. ವರ್ಷಕ್ಕೆ 2 ಲಕ್ಷದಿಂದ 2.8 ಲಕ್ಷದವರೆಗೆ ಶುಲ್ಕ. ನಾಲ್ಕು ವರ್ಷಕ್ಕೆ 8ರಿಂದ 11 ಲಕ್ಷವಾಗುತ್ತದೆ.

ನಾಲ್ಕನೆಯದು ಮ್ಯಾನೇಜ್‌ಮೆಂಟ್ ಸೀಟು ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು. ಮ್ಯಾನೇಜ್‌ಮೆಂಟ್ ಸೀಟಿನ ಬೆಲೆ ಕಾಲೇಜಿನಿಂದ ಕಾಲೇಜಿಗೆ, ಶಾಖೆಯಿಂದ ಶಾಖೆಗೆ ಬದಲಾಗುತ್ತದೆ; ಕಂಪ್ಯೂಟರ್ ಸೈನ್ಸಿಗೇ ಎಲ್ಲಕ್ಕಿಂತ ಹೆಚ್ಚು. 1957ರಲ್ಲಿ ಸ್ಥಾಪನೆಯಾದ ಮಣಿಪಾಲದ ಎಂಐಟಿಯಲ್ಲಿ ಈ ಶಾಖೆಯ ನಾಲ್ಕು ವರ್ಷಗಳ ಶುಲ್ಕ 15 ಲಕ್ಷವನ್ನು ದಾಟುತ್ತದೆ. ಹಾಸ್ಟೆಲ್ ಅದರ ಮೇಲೆ. 1986ರಲ್ಲಿ ಆರಂಭವಾಗಿ 2022ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಭಾಗವಾದ ನಿಟ್ಟೆಯ ಎನ್‌ಎಂಎಎಂಐಟಿಯನ್ನು ಪರಿಗಣಿಸುವವರು ಹಳೆಯ ಶುಲ್ಕದ ಅಂದಾಜಿನಲ್ಲಿ ಹೋಗದೆ ಆಯಾ ವರ್ಷದ ಪಟ್ಟಿಯನ್ನು ಕೇಳಿ ನೋಡಬೇಕು. ಇವೆರಡೂ ಒಳ್ಳೆಯ ಹೆಸರಿರುವ ಸಂಸ್ಥೆಗಳು. ಅಲ್ಲಿಗೆ ಬರುವ ಕಂಪನಿಗಳ ಸಂಖ್ಯೆ ಹೆಚ್ಚು, ಹಳೆಯ ವಿದ್ಯಾರ್ಥಿಗಳ ಬಳಗ ದೊಡ್ಡದು. ಪ್ರಶ್ನೆ ಗುಣಮಟ್ಟದ್ದಲ್ಲ; ಆ ಗುಣಮಟ್ಟಕ್ಕೆ ಸಾಲ ಮಾಡಿ ಬೆಲೆ ತೆರುವವರದ್ದು.

ಗಳಿಕೆಯ ನಿಜವಾದ ಅಂಕಿ

ಕಾಲೇಜುಗಳ ಫ್ಲೆಕ್ಸಿನಲ್ಲಿ ಕಾಣುವ ‘ಅತ್ಯಧಿಕ ಪ್ಯಾಕೇಜ್’ ಒಬ್ಬ ವಿದ್ಯಾರ್ಥಿಯದ್ದು. ನೀವು ನೋಡಬೇಕಾದುದು ಮಧ್ಯದಲ್ಲಿ ನಿಂತವನ ಸಂಬಳ, ಅಂದರೆ ಮೀಡಿಯನ್. ಇದು ಗುಟ್ಟಿನ ಸಂಗತಿಯಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಪ್ರತಿಯೊಂದು ಕಾಲೇಜೂ ತನ್ನ ಮಾಹಿತಿಯನ್ನು ಒಂದು ನಮೂನೆಯಲ್ಲಿ ಕೊಡಬೇಕು, ಅದನ್ನು ತನ್ನ ಜಾಲತಾಣದಲ್ಲೂ ಪ್ರಕಟಿಸಬೇಕು. ಆ ಕಡತವನ್ನು ತೆರೆದು ನಾಲ್ಕು ವರ್ಷದ ಪದವಿಯ ಪ್ಲೇಸ್‌ಮೆಂಟ್ ಕೋಷ್ಟಕಕ್ಕೆ ಹೋಗಿ. ಒಂದೊಂದು ಸಾಲಿನಲ್ಲಿ ಮೊದಲ ವರ್ಷಕ್ಕೆ ಸೇರಿದವರೆಷ್ಟು, ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರ ಎರಡನೆಯ ವರ್ಷಕ್ಕೆ, ಬಂದವರೆಷ್ಟು, ನಿಗದಿತ ಅವಧಿಯಲ್ಲೇ ಪದವಿ ಮುಗಿಸಿದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ಮೀಡಿಯನ್ ಸಂಬಳವೆಷ್ಟು, ಉನ್ನತ ವ್ಯಾಸಂಗಕ್ಕೆ ಹೋದವರೆಷ್ಟು ಎಂಬುದು ಅಂಕಿಗಳಲ್ಲೇ ಇರುತ್ತದೆ. ಸೇರಿದವರ ಸಂಖ್ಯೆಯಿಂದ ಕೆಲಸ ಸಿಕ್ಕವರ ಸಂಖ್ಯೆಯನ್ನು ನೀವೇ ಭಾಗಿಸಿ ನೋಡಿ. ಕಾಲೇಜು ಹೇಳುವ ಶೇಕಡಾವಾರು ಪ್ಲೇಸ್‌ಮೆಂಟ್ ಅನೇಕ ಬಾರಿ ‘ಅರ್ಹ’ ವಿದ್ಯಾರ್ಥಿಗಳ ಮೇಲೆ ಮಾತ್ರ ಲೆಕ್ಕ ಹಾಕಿದ್ದು. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದವರು, ಅಂಕ ಕಡಿಮೆ ಇದ್ದವರು ಆ ಲೆಕ್ಕದಿಂದ ಮೊದಲೇ ಹೊರಗಿರುತ್ತಾರೆ. ಈ ಕಡತ ಎಲ್ಲಾ ಶಾಖೆಗಳನ್ನೂ ಒಟ್ಟು ಸೇರಿಸಿ ಹೇಳುತ್ತದೆ ಎಂಬುದೊಂದೇ ಅದರ ಕೊರತೆ. ಕಂಪ್ಯೂಟರ್ ಸೈನ್ಸಿನ ಅಂಕಿ ಅದಕ್ಕಿಂತ ಸ್ವಲ್ಪ ಮೇಲಿರಬಹುದು, ಆದರೆ ಫ್ಲೆಕ್ಸಿನ ಎತ್ತರದಲ್ಲಂತೂ ಇರುವುದಿಲ್ಲ.

ದೊಡ್ಡ ಪ್ರಮಾಣದಲ್ಲಿ ನೇಮಕ ಮಾಡುವ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಬಹುಕಾಲದಿಂದ ನಿಂತಲ್ಲೇ ನಿಂತಿದೆ. ಟಿಸಿಎಸ್‌ನ ‘ನಿಂಜಾ’ ಶ್ರೇಣಿಯಲ್ಲಿ ವರ್ಷಕ್ಕೆ 3.36 ಲಕ್ಷ, ಇನ್ಫೋಸಿಸ್‌ನ ಸಿಸ್ಟಮ್ ಇಂಜಿನಿಯರ್ ಹುದ್ದೆಗೆ 3.6 ಲಕ್ಷ. ಹದಿನೈದು ವರ್ಷಗಳ ಹಿಂದೆ ಕೂಡ ಈ ಅಂಕಿ 3 ಲಕ್ಷದ ಆಸುಪಾಸಿನಲ್ಲೇ ಇತ್ತು. ಅಷ್ಟರಲ್ಲಿ ಕಾಲೇಜಿನ ಶುಲ್ಕವೂ ಬೆಂಗಳೂರಿನ ಬಾಡಿಗೆಯೂ ಎಲ್ಲಿಂದ ಎಲ್ಲಿಗೋ ಹೋಗಿವೆ. ಕಠಿಣ ಪರೀಕ್ಷೆ ಪಾಸಾದವರಿಗೆ ಇದೇ ಕಂಪನಿಗಳಲ್ಲಿ 7 ಲಕ್ಷದ ಶ್ರೇಣಿಯೂ ಇದೆ ಎಂಬುದು ನಿಜ. ಸ್ವಂತ ಉತ್ಪನ್ನ ಮಾಡುವ ಕಂಪನಿಗಳು ಇದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತವೆ ಎಂಬುದೂ ನಿಜ. ಆದರೆ ಮನೆಯವರು ಲೆಕ್ಕ ಹಾಕುವಾಗ ಕೆಳಗಿನ ಅಂಕಿಯನ್ನೇ ಹಿಡಿಯಬೇಕು. ಮೇಲಿನದು ಸಿಕ್ಕರೆ ಅದು ಮಗುವಿನ ಶ್ರಮದ ಫಲ.

3.6 ಲಕ್ಷವೆಂದರೆ ತಿಂಗಳಿಗೆ 30,000 ಎಂದು ಭಾವಿಸುವುದೂ ಸರಿಯಲ್ಲ. ನೇಮಕಾತಿ ಪತ್ರದ ಕೊನೆಯ ಪುಟದಲ್ಲಿರುವ ಪಟ್ಟಿಯನ್ನು ಸಾಲುಸಾಲಾಗಿ ಓದಿದರೆ ಆ ಮೊತ್ತದಲ್ಲಿ ಕಂಪನಿ ಕಟ್ಟುವ ಭವಿಷ್ಯನಿಧಿಯ ಪಾಲು, ಐದು ವರ್ಷ ಕೆಲಸ ಮಾಡಿದ ಮೇಲಷ್ಟೇ ಕೈಗೆ ಬರುವ ಗ್ರಾಚ್ಯುಯಿಟಿ, ವಿಮೆಯ ಕಂತು, ಸಾಧನೆಯನ್ನು ಅವಲಂಬಿಸಿದ ವೇರಿಯಬಲ್ ಪೇ ಎಲ್ಲವೂ ಸೇರಿರುವುದು ಕಾಣುತ್ತದೆ. ಅವೆಲ್ಲವನ್ನೂ ನಮ್ಮ ಪಾಲಿನ ಭವಿಷ್ಯನಿಧಿಯನ್ನೂ ಕಳೆದರೆ ಬ್ಯಾಂಕ್ ಖಾತೆಗೆ ಬರುವುದು 25,000ದ ಆಸುಪಾಸು.

ಕೆಲಸದ ಖಚಿತತೆಯ ವಿಷಯದಲ್ಲಿ ಕಳೆದ ಕೆಲವು ವರ್ಷಗಳು ಒಂದು ಪಾಠ ಹೇಳಿವೆ. 2023–24ರ ಹಣಕಾಸು ವರ್ಷದಲ್ಲಿ ಟಿಸಿಎಸ್‌ನ ಒಟ್ಟು ನೌಕರರ ಸಂಖ್ಯೆ 13,249ರಷ್ಟು, ಇನ್ಫೋಸಿಸ್‌ನದು 25,994ರಷ್ಟು ಇಳಿಯಿತು. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಸುಮಾರು ಶೇ. 2ರಷ್ಟು ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಇದೇ ಹೊತ್ತಿಗೆ, 2024–25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಮಿತಿಯನ್ನು ಉತ್ತಮ ಸಾಧನೆಯ ಕಾಲೇಜುಗಳಿಗೆ ಸಡಿಲಿಸಿತು. ಕಂಪ್ಯೂಟರ್ ಸಂಬಂಧಿತ ಸೀಟುಗಳು ಹೆಚ್ಚಿದವು. ಹೊಸಬರ ನೇಮಕ ನಿಧಾನವಾಗುತ್ತಿರುವಾಗ ಪದವೀಧರರ ಸಂಖ್ಯೆ ಏರುತ್ತಿದೆ. ಇದರಿಂದ ಕಂಪ್ಯೂಟರ್ ಸೈನ್ಸಿಗೆ ಭವಿಷ್ಯವಿಲ್ಲವೆಂದು ನಾನು ಹೇಳುತ್ತಿಲ್ಲ. ಪದವಿ ಮುಗಿದ ತಿಂಗಳೇ ಸಂಬಳ ಆರಂಭವಾಗುತ್ತದೆಂಬ ನಂಬಿಕೆಯ ಮೇಲೆ ಸಾಲದ ಕಂತನ್ನು ಕಟ್ಟಿಕೊಳ್ಳಬಾರದು ಎಂದಷ್ಟೇ ಹೇಳುತ್ತಿದ್ದೇನೆ. ಆಫರ್ ಲೆಟರ್ ಕೈಯಲ್ಲಿದ್ದೂ ಕೆಲಸಕ್ಕೆ ಸೇರುವ ದಿನಾಂಕಕ್ಕಾಗಿ ಒಂದು ವರ್ಷಕ್ಕೂ ಹೆಚ್ಚು ಕಾದವರು ಈ ಅವಧಿಯಲ್ಲಿ ಅನೇಕರಿದ್ದಾರೆ.

ಸಾಲದ ಲೆಕ್ಕ

ಐದು ಬ್ಯಾಂಕುಗಳು ಹುಟ್ಟಿದ ನಾಡು ನಮ್ಮದು: ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯ. ಬಡ್ಡಿಯ ಲೆಕ್ಕ ನಮ್ಮವರಿಗೆ ಹೊಸದಲ್ಲ. ಆದರೂ ಶಿಕ್ಷಣ ಸಾಲದ ವಿಷಯ ಬಂದಾಗ ‘ಮಗ ಕೆಲಸಕ್ಕೆ ಸೇರಿದ ಮೇಲೆ ಕಟ್ಟಿಕೊಳ್ಳುತ್ತಾನೆ’ ಎಂಬ ಒಂದು ಮಾತಿನಲ್ಲಿ ಲೆಕ್ಕ ಮುಗಿದುಹೋಗುತ್ತದೆ. ಅದನ್ನೊಮ್ಮೆ ಪೂರ್ತಿ ಹಾಕಿ ನೋಡೋಣ.

ಮ್ಯಾನೇಜ್‌ಮೆಂಟ್ ಸೀಟಿಗಾಗಿ ವರ್ಷಕ್ಕೆ 3 ಲಕ್ಷದಂತೆ ನಾಲ್ಕು ವರ್ಷ, ಒಟ್ಟು 12 ಲಕ್ಷ ಸಾಲ ಪಡೆದಿರಿ ಎಂದುಕೊಳ್ಳಿ. ಬಡ್ಡಿ ಶೇ. 10 ಇರಲಿ. ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಬೆಳೆಯುತ್ತಿರುತ್ತದೆ. ಮೊದಲ ವರ್ಷದ 3 ಲಕ್ಷಕ್ಕೆ ಐದು ವರ್ಷದ ಬಡ್ಡಿ 1.5 ಲಕ್ಷ, ಎರಡನೆಯದಕ್ಕೆ 1.2 ಲಕ್ಷ, ಮೂರನೆಯದಕ್ಕೆ 90 ಸಾವಿರ, ನಾಲ್ಕನೆಯದಕ್ಕೆ 60 ಸಾವಿರ, ಒಟ್ಟು 4.2 ಲಕ್ಷ. ಕಂತು ಆರಂಭವಾಗುವ ದಿನ ಸಾಲ 16.2 ಲಕ್ಷಕ್ಕೆ ಬಂದು ನಿಂತಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 21,400 ರೂಪಾಯಿ. ಕೊನೆಗೆ ಕಟ್ಟಿದ ಮೊತ್ತ ಹೆಚ್ಚುಕಡಿಮೆ 25.7 ಲಕ್ಷ. ಕೈಗೆ ಬರುವ ಸಂಬಳ 25,000 ಇದ್ದಾಗ ಉಳಿಯುವ 3,600ರಲ್ಲಿ ಬೆಂಗಳೂರಿನಲ್ಲಿ ಒಂದು ವಾರ ಕಳೆಯುವುದೂ ಕಷ್ಟ. ಅಂದರೆ ಆ ಕಂತನ್ನು ಕಟ್ಟುವವರು ಅಪ್ಪ ಅಮ್ಮನೇ.

ಇದೇ ಬಡ್ಡಿಯಲ್ಲಿ ಸಿಇಟಿ ಸೀಟಿಗೆ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ ಮಾಡಿದ್ದರೆ ಕಂತು ಆರಂಭದ ದಿನದ ಬಾಕಿ 5.4 ಲಕ್ಷ, ತಿಂಗಳ ಕಂತು ಸುಮಾರು 7,100. ಇದನ್ನು 25,000 ಸಂಬಳದವನು ಸ್ವಲ್ಪ ಬಿಗಿ ಹಿಡಿದರೆ ಕಟ್ಟಬಲ್ಲ. ನನ್ನ ದೃಷ್ಟಿಯಲ್ಲಿ ತಿಂಗಳ ಕಂತು ಕೈಗೆ ಬರುವ ಆರಂಭದ ಸಂಬಳದ ಮೂರನೇ ಒಂದು ಭಾಗವನ್ನು ಮೀರಬಾರದು. ಈ ಮಿತಿಯಲ್ಲಿ ಲೆಕ್ಕ ಹಾಕಿದರೆ ಮಗುವಿನ ಹೆಸರಿನಲ್ಲಿ ಮಾಡಬಹುದಾದ ಸಾಲ ಸುಮಾರು ನಾಲ್ಕೂವರೆ ಲಕ್ಷ. ಅದಕ್ಕಿಂತ ಮೇಲಿನದು ಮನೆಯವರ ಉಳಿತಾಯದಿಂದ ಬರುವಂತಿದ್ದರೆ ಸರಿ; ಅಡಿಕೆ ತೋಟವನ್ನೋ ಇರುವ ಮನೆಯನ್ನೋ ಅಡಮಾನವಿಟ್ಟು ತರುವಂತಿದ್ದರೆ ಬೇಡ.

ಸಾಲದ ನಿಯಮಗಳನ್ನೂ ತಿಳಿದಿರುವುದು ಒಳ್ಳೆಯದು. ಸಾಮಾನ್ಯ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ, 7.5 ಲಕ್ಷ ದಾಟಿದರೆ ಆಸ್ತಿಯ ಭದ್ರತೆ ಬೇಕಾಗುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅನುಮೋದಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ. 3ರ ಬಡ್ಡಿ ರಿಯಾಯಿತಿ ಇದೆ. ಆದರೆ ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಈ ಸೌಲಭ್ಯವಿಲ್ಲ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯದ ವಿದ್ಯಾರ್ಥಿಗಳಿಗೆ ಆಯಾ ನಿಗಮಗಳು ಕಡಿಮೆ ಬಡ್ಡಿಯಲ್ಲಿ ಕೊಡುವ ‘ಅರಿವು’ ಸಾಲವನ್ನು ಬ್ಯಾಂಕಿಗೆ ಹೋಗುವ ಮೊದಲೇ ವಿಚಾರಿಸಬೇಕು. ಮತ್ತು ಸಾಧ್ಯವಿರುವವರು ಓದಿನ ಅವಧಿಯಲ್ಲೇ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿಕೊಂಡು ಹೋಗಬೇಕು. ಮೇಲಿನ 12 ಲಕ್ಷದ ಉದಾಹರಣೆಯಲ್ಲಿ ಹಾಗೆ ಮಾಡಿದ್ದರೆ ಕಂತು 21,400ರ ಬದಲು 15,900ಕ್ಕೆ ಇಳಿಯುತ್ತಿತ್ತು.

ಬಿಸಿಎ ಮತ್ತು ಡಿಪ್ಲೊಮಾ

ಇಂಜಿನಿಯರಿಂಗ್ ಸಿಗದವರು ಹೋಗುವ ದಾರಿ ಎಂಬ ಭಾವನೆಯಿಂದ ಬಿಸಿಎಯನ್ನು ಕಡೆಗಣಿಸುವುದು ನಮ್ಮಲ್ಲಿ ಇನ್ನೂ ಇದೆ. ಲೆಕ್ಕ ಬೇರೆಯೇ ಹೇಳುತ್ತದೆ. 2024–25ರಿಂದ ರಾಜ್ಯದಲ್ಲಿ ಬಿಸಿಎ ಮತ್ತೆ ಮೂರು ವರ್ಷದ ಪದವಿ. ಅದೇ ವರ್ಷದಿಂದ ಅದು ಎಐಸಿಟಿಇ ವ್ಯಾಪ್ತಿಗೂ ಬಂದಿದೆ. ಬಿಸಿಎ ಇರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ವರ್ಷದ ಶುಲ್ಕ ಕೆಲವು ಸಾವಿರ. ಖಾಸಗಿ ಕಾಲೇಜುಗಳಲ್ಲಿ ಹತ್ತಾರು ಸಾವಿರ. ಮೂರು ವರ್ಷದ ಒಟ್ಟು ವೆಚ್ಚ ಕಾಮೆಡ್‌ಕೆಯ ಒಂದು ವರ್ಷದ ಶುಲ್ಕದೊಳಗೇ ಮುಗಿಯಬಹುದು.

ಕೊರತೆ ಸಂಬಳದಲ್ಲಿದೆ. 2024ರಲ್ಲಿ ಕಾಗ್ನಿಜೆಂಟ್ ಮೂರು ವರ್ಷದ ಪದವೀಧರರಿಗೆ ವರ್ಷಕ್ಕೆ 2.52 ಲಕ್ಷ ಕೊಡುವುದು ಸುದ್ದಿಯಾದಾಗ, ಇಂಜಿನಿಯರಿಂಗ್ ಪದವೀಧರರಿಗೆ 4 ಲಕ್ಷದಿಂದ ಮೇಲೆ ಕೊಡುತ್ತೇವೆಂದು ಕಂಪನಿ ಸ್ಪಷ್ಟಪಡಿಸಿತು. ಆ ಅಂತರ ವಾಸ್ತವ. ಅದನ್ನು ಮುಚ್ಚುವ ದಾರಿ ಎಂಸಿಎ. 2020ರಿಂದ ಅದು ಎರಡು ವರ್ಷದ ಕೋರ್ಸು. ರಾಜ್ಯದ ಸೀಟುಗಳಿಗೆ ಪಿಜಿಸಿಇಟಿ ಬರೆಯಬೇಕು. ದೊಡ್ಡ ಸೇವಾ ಕಂಪನಿಗಳ ನೇಮಕಾತಿ ಪ್ರಕಟಣೆಗಳಲ್ಲಿ ಬಿಇ, ಬಿಟೆಕ್, ಎಂಸಿಎ ಮೂರನ್ನೂ ಒಂದೇ ಸಾಲಿನಲ್ಲಿ, ಒಂದೇ ಸಂಬಳಕ್ಕೆ ಬರೆದಿರುತ್ತಾರೆ. ಬಿಸಿಎಯ ನಂತರ ಎಂಸಿಎ ಎಂದರೆ ಪಿಯುಸಿಯಿಂದ ಐದು ವರ್ಷ, ಬಿಇಗಿಂತ ಒಂದು ವರ್ಷ ಹೆಚ್ಚು. ಆ ಒಂದು ವರ್ಷದ ಸಂಬಳ, ಸುಮಾರು ಮೂರು ಲಕ್ಷ, ಕೈತಪ್ಪುತ್ತದೆ. ಆದರೆ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಲಿಸಿದರೆ ಉಳಿಯುವ ಮೊತ್ತ ಅದಕ್ಕಿಂತ ಎಷ್ಟೋ ದೊಡ್ಡದು. ಗಣಿತ ಓದಿಕೊಂಡವರಿಗೆ ಇನ್ನೊಂದು ಅವಕಾಶವಿದೆ. ನಿಮ್‌ಸೆಟ್ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ತೆಗೆದವರು ಸುರತ್ಕಲ್ಲಿನ ಎನ್‌ಐಟಿಕೆಯಲ್ಲೇ ಎಂಸಿಎ ಮಾಡಬಹುದು. ಪಿಯುಸಿಯಲ್ಲಿ ಮುಚ್ಚಿದ ಬಾಗಿಲು ಮೂರು ವರ್ಷದ ನಂತರ ಮತ್ತೊಮ್ಮೆ ತೆರೆಯುತ್ತದೆ. ದುಡಿಯುತ್ತಲೇ ಓದಬೇಕೆನ್ನುವವರಿಗೆ ವಿಪ್ರೊದ ಕಾರ್ಯಕ್ರಮವಿದೆ. ಬಿಸಿಎ, ಬಿಎಸ್ಸಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡು ಕಂಪನಿಯ ಖರ್ಚಿನಲ್ಲೇ ಎಂಟೆಕ್ ಓದಿಸುತ್ತಾರೆ. ಅದರ ಜತೆಗೆ ಬರುವ ಐದು ವರ್ಷದ ಒಪ್ಪಂದವನ್ನು ಸಹಿ ಹಾಕುವ ಮೊದಲು ಪೂರ್ತಿ ಓದಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿರುವವರಿಗೆ ಡಿಪ್ಲೊಮಾದ ದಾರಿಯನ್ನು ನಾನು ಇನ್ನೂ ಹೆಚ್ಚು ಒತ್ತಿ ಹೇಳುತ್ತೇನೆ. ಕದ್ರಿಯ ಕೆಪಿಟಿಯಂಥ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ವರ್ಷದ ಶುಲ್ಕ ಕೆಲವು ಸಾವಿರ ಮಾತ್ರ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿಇಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ ಸೇರಿ ಆರು. ಡಿಪ್ಲೊಮಾ ಮೂರು, ಬಿಇ ಮೂರು ಸೇರಿದರೂ ಆರೇ. ಒಂದು ದಿನವೂ ನಷ್ಟವಾಗುವುದಿಲ್ಲ. ಉಳಿಯುವುದು ಬಿಇಯ ಒಂದು ವರ್ಷದ ಶುಲ್ಕ ಮಾತ್ರವಲ್ಲ, ನಮ್ಮ ಜಿಲ್ಲೆಗಳ ವಸತಿ ಪಿಯು ಕಾಲೇಜುಗಳಿಗೂ ಕೋಚಿಂಗಿಗೂ ಸುರಿಯುವ ಎರಡು ವರ್ಷದ ದೊಡ್ಡ ಮೊತ್ತವೂ ಉಳಿಯುತ್ತದೆ. ಡಿಪ್ಲೊಮಾದವರಿಗೆ ಬಿಇಯಲ್ಲಿ ಗಣಿತ ಕಷ್ಟವಾಗುವುದುಂಟು. ಮೊದಲೆರಡು ಸೆಮಿಸ್ಟರ್ ಅದಕ್ಕೆ ಹೆಚ್ಚು ಸಮಯ ಕೊಡಬೇಕು. ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಮಾತ್ರ ಅವರು ಪಿಯುಸಿಯಿಂದ ಬಂದವರಿಗಿಂತ ಮುಂದಿರುತ್ತಾರೆ.

ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಪದವಿಯನ್ನು ಬಿಸಿಎ ಅಥವಾ ಬಿಎಸ್ಸಿಯ ಜತೆಗೆ ಮಾಡುವವರಿದ್ದಾರೆ. ಸ್ವಂತ ಶಿಸ್ತಿರುವ ಮಕ್ಕಳಿಗೆ ಅದು ಒಳ್ಳೆಯ ಜೋಡಿ. ಅದೊಂದನ್ನೇ ನಂಬಿ ಮನೆಯಲ್ಲಿ ಕೂರುವುದನ್ನು ಹದಿನೆಂಟರ ವಯಸ್ಸಿನವರಿಗೆ ನಾನು ಸಲಹೆ ಮಾಡುವುದಿಲ್ಲ.

ಊರಿನ ಕೆಲಸವೋ ಬೆಂಗಳೂರೋ

ಹಿಂದೆ ಸಾಫ್ಟ್‌ವೇರ್ ಎಂದರೆ ಬೆಂಗಳೂರಿನ ರಾತ್ರಿ ಬಸ್ಸು ಹತ್ತಲೇಬೇಕಿತ್ತು. ಈಗ ಹಾಗಿಲ್ಲ. ಇನ್ಫೋಸಿಸ್‌ಗೆ ಕೊಟ್ಟಾರದಲ್ಲೂ ಮುಡಿಪುವಿನಲ್ಲೂ ಕಚೇರಿಗಳಿವೆ. 1996ರಲ್ಲಿ ಉಡುಪಿಯಲ್ಲಿ ಆರಂಭವಾದ ರೋಬೊಸಾಫ್ಟ್ ಇಂದಿಗೂ ಅಲ್ಲಿದೆ. ಮಂಗಳೂರಿನಲ್ಲಿ ನೋವಿಗೋ, ದಿಯಾ ಸಿಸ್ಟಮ್ಸ್, ತೆರಿಗೆ ತಂತ್ರಾಂಶ ಮಾಡುವ ವಿನ್‌ಮ್ಯಾನ್ ಮುಂತಾದ ಸಂಸ್ಥೆಗಳಿವೆ. ಬೆಂಗಳೂರಿನಾಚೆಗೆ ಐಟಿ ಬೆಳೆಸುವ ರಾಜ್ಯದ ಯೋಜನೆಯಲ್ಲಿ ಮಂಗಳೂರು–ಉಡುಪಿ ಭಾಗಕ್ಕೂ ಸ್ಥಾನವಿದೆ.

ಊರಿನ ಕಂಪನಿಯಲ್ಲಿ ಆರಂಭದ ಸಂಬಳ ಕಡಿಮೆ ಇರಬಹುದು, ಆದರೆ ಹೋಲಿಸಬೇಕಾದುದು ಉಳಿಯುವ ಹಣವನ್ನು. ಬೆಂಗಳೂರಿನಲ್ಲಿ 25,000 ಕೈಗೆ ಬಂದರೆ ಪಿಜಿ ವಸತಿಗೆ 9,000, ಮಧ್ಯಾಹ್ನದ ಊಟ, ಓಡಾಟ, ಫೋನು, ತಿಂಗಳಿಗೊಮ್ಮೆ ಊರಿಗೆ ಬಂದುಹೋಗುವ ಖರ್ಚಿಗೆ 7,000 ಎಂದರೂ ಉಳಿಯುವುದು 9,000. ಸುರತ್ಕಲ್ಲಿನ ಮನೆಯಿಂದಲೇ ಮಂಗಳೂರಿನ ಕೆಲಸಕ್ಕೆ ಹೋಗುವವರಿಗೆ 18,000 ಬಂದು, ಬಸ್ಸು ಊಟಕ್ಕೆ 4,000 ಹೋದರೂ 14,000 ಉಳಿಯುತ್ತದೆ. ಮೊದಲ ಎರಡು ವರ್ಷ ಸಾಲ ತೀರಿಸಬೇಕಾದವರಿಗೆ ಊರಿನ ಕೆಲಸ ನಿಜಕ್ಕೂ ಉತ್ತಮ. ಮೂರನೆಯ ವರ್ಷದಿಂದ ಲೆಕ್ಕ ತಿರುಗುತ್ತದೆ. ಸಂಬಳ ಏರುವುದು ಕಂಪನಿ ಬದಲಿಸಿದಾಗ, ಬದಲಿಸಲು ಬೇಕಾದಷ್ಟು ಕಂಪನಿಗಳಿರುವುದು ಬೆಂಗಳೂರಿನಲ್ಲಿ. ಅಲ್ಲಿ ನಾಲ್ಕೈದು ವರ್ಷದಲ್ಲಿ ಸಂಬಳ ಎರಡು ಪಟ್ಟಾದವರು ಸಾಮಾನ್ಯ.

ಶಾಖೆಯ ಹೆಸರು

ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂಬ ಹೆಸರಿನ ಶಾಖೆಗಳಿಗೂ ಕಂಪ್ಯೂಟರ್ ಸೈನ್ಸಿಗೂ ಹೊಸಬರ ನೇಮಕಾತಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಇನ್ಫರ್ಮೇಷನ್ ಸೈನ್ಸಿಗಂತೂ ಇಲ್ಲವೇ ಇಲ್ಲ. ಒಳ್ಳೆಯ ಕಾಲೇಜಿನಲ್ಲಿ ಸಿಇಟಿ ಮೂಲಕ ಇನ್ಫರ್ಮೇಷನ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ಸಿಗುತ್ತಿರುವಾಗ ‘ಸಿಎಸ್’ ಎಂಬ ಎರಡಕ್ಷರಕ್ಕಾಗಿ ಅದೇ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಎಂಟು ಲಕ್ಷ ಹೆಚ್ಚು ಕೊಡುವುದು ನನ್ನ ಅಭಿಪ್ರಾಯದಲ್ಲಿ ಈ ಇಡೀ ವ್ಯವಹಾರದ ಅತಿ ದುಬಾರಿ ತಪ್ಪು. ಎಲೆಕ್ಟ್ರಾನಿಕ್ಸ್ ಓದಿದವರು ಸಾಫ್ಟ್‌ವೇರ್ ಕಂಪನಿಗಳ ಪರೀಕ್ಷೆಗೂ ಕೂರಬಹುದು, ಚಿಪ್ ವಿನ್ಯಾಸದ ಕಡೆಗೂ ಹೋಗಬಹುದು.

ಹಾಗಾದರೆ ಹೆಚ್ಚು ಬೆಲೆಯ ಸೀಟು ಯಾರಿಗೆ? ಸಾಲವಿಲ್ಲದೆ ಕಟ್ಟಬಲ್ಲವರಿಗೆ, ಅಥವಾ ವಿದೇಶದಲ್ಲಿ ಎಂಎಸ್ ಮಾಡಬೇಕೆಂಬ ನಿರ್ಧಾರ ಈಗಲೇ ಗಟ್ಟಿಯಾಗಿದ್ದು ಅದಕ್ಕೆ ಸಂಸ್ಥೆಯ ಹೆಸರು ಬೇಕೆನ್ನುವವರಿಗೆ. ಎರಡನೆಯವರು ಎಂಎಸ್‌ನ ವೆಚ್ಚಕ್ಕೆ ಹಣ ಉಳಿಯುತ್ತದೆಯೇ ಎಂಬುದನ್ನೂ ಇದೇ ಹಾಳೆಯಲ್ಲಿ ಬರೆಯಬೇಕು.

ಹಣ ಕಟ್ಟುವ ಹೊತ್ತು

ಮ್ಯಾನೇಜ್‌ಮೆಂಟ್ ಸೀಟುಗಳ ಮುಂಗಡ ವ್ಯವಹಾರ ಪಿಯುಸಿ ಪರೀಕ್ಷೆಗೂ ಮೊದಲೇ ಆರಂಭವಾಗುತ್ತದೆ. ‘ಈಗ ಕಟ್ಟದಿದ್ದರೆ ಸೀಟು ಹೋಗುತ್ತದೆ’ ಎಂಬ ಮಾತಿಗೆ ಅಂಜಿ ಮುಂಗಡ ಕೊಟ್ಟವರು ಮುಂದೆ ಸಿಇಟಿಯಲ್ಲಿ ಒಳ್ಳೆಯ ಸೀಟು ಬಂದರೂ ಬಿಡಲಾರದೆ ಉಳಿಯುತ್ತಾರೆ. ಸಿಇಟಿ ಫಲಿತಾಂಶ ಬಂದು, ಹಿಂದಿನ ವರ್ಷದ ಕಟ್ ಆಫ್ ಜತೆ ತಾಳೆ ನೋಡುವವರೆಗೆ ಹಣ ಕೊಡದಿರುವುದೇ ಕ್ಷೇಮ. ಕೊಟ್ಟಿದ್ದರೂ ಎದೆಗುಂದಬೇಕಿಲ್ಲ. ಪ್ರವೇಶದ ನಿಗದಿತ ಕೊನೆಯ ದಿನಾಂಕದೊಳಗೆ ಸೀಟು ಬಿಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದುಕೊಂಡು ಉಳಿದ ಶುಲ್ಕವನ್ನು ಕಾಲೇಜು ಹಿಂದಿರುಗಿಸಬೇಕು, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದು ಎಐಸಿಟಿಇಯ ನಿಯಮ. ರಸೀದಿ ಇಲ್ಲದೆ ಕೊಟ್ಟ ಹಣಕ್ಕೆ ಈ ನಿಯಮದ ರಕ್ಷಣೆ ಸಿಗುವುದಿಲ್ಲವಾದ್ದರಿಂದ ಒಂದು ರೂಪಾಯಿಯನ್ನೂ ರಸೀದಿ ಇಲ್ಲದೆ ಕೊಡಬಾರದು.

ಸಿಇಟಿಯ ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಮನಸ್ಸಿಗೆ ಬಾರದಿದ್ದರೂ ಒಮ್ಮೆಗೇ ಹೊರನಡೆಯಬೇಡಿ. ಸೀಟು ಹಂಚಿಕೆಯ ನಂತರ ಕೇಳುವ ನಾಲ್ಕು ಆಯ್ಕೆಗಳಲ್ಲಿ ಚಾಯ್ಸ್ ಎರಡನ್ನು ಆರಿಸಿದರೆ ಆ ಸೀಟನ್ನು ಹಿಡಿದಿಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಗೆ ಕಾಯಬಹುದು. ಚಾಯ್ಸ್ ಮೂರರಲ್ಲಿ ಸಿಕ್ಕಿದ್ದು ಕೈಬಿಡುತ್ತದೆ, ಮುಂದಿನ ಸುತ್ತಿನ ಅವಕಾಶ ಮಾತ್ರ ಉಳಿಯುತ್ತದೆ. ನಾಲ್ಕನೆಯದು ಪೂರ್ತಿ ಹೊರಹೋಗುವುದು. ಮ್ಯಾನೇಜ್‌ಮೆಂಟ್ ಸೀಟಿನ ಮಾತುಕತೆ ನಡೆಯುತ್ತಿರುವವರೂ ಚಾಯ್ಸ್ ಎರಡರಲ್ಲಿದ್ದುಕೊಂಡು ಕೊನೆಯ ಸುತ್ತಿನ ಪಟ್ಟಿ ಬರುವವರೆಗೆ ಕಾಯುವುದು ಒಳ್ಳೆಯದು, ಏಕೆಂದರೆ ಜೋಸಾ ಮತ್ತು ಕಾಮೆಡ್‌ಕೆ ಕಡೆಗೆ ಹೋದವರು ಬಿಟ್ಟುಕೊಟ್ಟ ಸೀಟುಗಳು ಆ ಕೊನೆಯ ಸುತ್ತುಗಳಲ್ಲೇ ಕೆಳಗಿನ ರ‍್ಯಾಂಕಿನವರೆಗೆ ಇಳಿದು ಬರುತ್ತವೆ.